ಹೆಂಡತಿಯ ಕಾಯಿಲೆ, ನನ್ನ ವರ್ಣನೆ

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯಲ್ಲಿ ಕಾಯಿಲೆ ಬರುವುದು ಹೆಂಡತಿ ಗಂಗವ್ವನಿಗೆ. ಅದನ್ನು ಡಾಕ್ಟರಿಗೆ ವರ್ಣಿಸುವ ಹಕ್ಕು ಮಾತ್ರ ನನ್ನದು. ಗಡಹಿಂಗ್ಲಜದಲ್ಲಿ ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವನು ನಾನು. ಸೀರೆಗೆ ಇಲ್ಲದ ಗುಣವನ್ನೂ ಹಚ್ಚಿ ಹೇಳಬಲ್ಲವನಿಗೆ ಇರುವ ಮೊಣಕಾಲು ನೋವನ್ನು ಹೇಳುವುದು ಯಾವ ಮಹಾ ಕೆಲಸ?

ಕೊಲ್ಲಾಪುರದ ಡಾಕ್ಟರಬಾಯಿ ವಿಡಿಯೋ ಕಾಲಿನಲ್ಲಿ ನೋಡಲು ಶುರು ಮಾಡಿದ ಮೇಲೆ ನನಗೆ ಇನ್ನೂ ಅನುಕೂಲವಾಯಿತು. ಪರದೆಯ ತುಂಬ ನನ್ನ ಮುಖ. ಮೂಲೆಯಲ್ಲಿ ಗಂಗವ್ವನ ಒಂದು ಕಿವಿ.

ಆದರೆ ಸರಕಾರಕ್ಕೆ ನನ್ನಂಥವರ ಸುದ್ದಿ ಹೇಗೋ ಮುಟ್ಟಿದಂತಿದೆ. ಈಗ ನಿಯಮ ಬಂದಿದೆ: ಫೋನಿನಲ್ಲಿ ಔಷಧ ಹೇಳುವ ಡಾಕ್ಟರು ಮೊದಲು ತಮ್ಮ ಹೆಸರು, ನೋಂದಣಿ ನಂಬರು ತಿಳಿಸಬೇಕು. ರೋಗಿಯ ಹೆಸರು, ವಯಸ್ಸು ಕೇಳಬೇಕು. ರೋಗಿಯ ಒಪ್ಪಿಗೆ ಇರಬೇಕು. ಹತ್ತು ವರ್ಷದ ಪರಿಚಯದ ಡಾಕ್ಟರಬಾಯಿ ಹೊಸ ಬೀಗರಂತೆ ಹೆಸರು ಹೇಳಿಕೊಳ್ಳುವುದು ಕಂಡು ನನಗೆ ನಗು. ಒಂದು ದಿನ ನನ್ನ ವರ್ಣನೆ ಮೊಣಕಾಲಿನಿಂದ ಮೀನಖಂಡಕ್ಕೆ ಇಳಿಯುತ್ತಿದ್ದಾಗ ಅವರು ತಡೆದರು.

"ಕಾಕಾ, ತ್ರಾಸ ಕಾಕೂಗ ಐತಿ. ಅವರ ಹೇಳಬೇಕ್ರಿ, ನಿಯಮ ಹಂಗ ಐತಿ. ನೀವು ಸ್ವಲ್ಪ ಹೊರಗ ಕೂಡ್ರಿ."

ಅಂಗಡಿಯ ಗಾದಿಯನ್ನು ಮಗನಿಗೆ ಬಿಟ್ಟುಕೊಟ್ಟ ದಿನವೂ ನನಗೆ ಅಷ್ಟು ಸಂಕಟವಾಗಿರಲಿಲ್ಲ. ಹೊರಗೆ ಬಂದೆ, ಕಿವಿ ಮಾತ್ರ ಒಳಗೇ ಉಳಿಯಿತು. ಮೊಣಕಾಲಿನ ಸುದ್ದಿಯೇ ಇಲ್ಲ. ಎದ್ದು ನಿಂತರೆ ಆಕೆಗೆ ಕಣ್ಣು ಕತ್ತಲೆ ಬರುತ್ತದಂತೆ. ಬಚ್ಚಲಲ್ಲಿ ಎರಡು ಸಲ ಬಿದ್ದಿದ್ದಳಂತೆ.

ಇದು ಫೋನಿನಲ್ಲಿ ಮುಗಿಯುವುದಲ್ಲ, ಬನ್ನಿ ಎಂದರು ಡಾಕ್ಟರಬಾಯಿ. ಮರುದಿನವೇ ಹೋದೆವು. ಕೂಡಿಸಿ, ನಿಲ್ಲಿಸಿ ಬಿಪಿ ನೋಡಿದರು. ನಿಂತಾಗ ತೀರಾ ಇಳಿಯುತ್ತಿತ್ತು; ಬಿಪಿ ಗುಳಿಗೆಯೇ ಹೆಚ್ಚಾಗಿತ್ತು. ಅರ್ಧ ಮಾಡಿದರು. ಇನ್ನೊಮ್ಮೆ ಬಿದ್ದಿದ್ದರೆ ಸೊಂಟಕ್ಕೆ ಪೆಟ್ಟಾಗುತ್ತಿತ್ತು ಎಂದರು. ಹಿಂದಿನ ಸಲ ಆಕೆಯ ತಲೆನೋವಿಗೆ ಬಣ್ಣ ಹಚ್ಚಿ ಗುಳಿಗೆ ಏರುವಂತೆ ಮಾಡಿದವನು ನಾನೇ. ಅವರು ಅದನ್ನು ಎತ್ತಲಿಲ್ಲ, ಅವರ ದೊಡ್ಡತನ.

ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ, "ನನಗ ಯಾಕ ಹೇಳಲಿಲ್ಲ?"

"ನೀವು ಯಾವಾಗ ಕೇಳೀರಿ? ಯಾವಾಗಲೂ ನೀವ ಹೇಳಾಕತ್ತಿರ್ತೀರಿ."

ಈಗಲಾದರೂ ಹೇಳು ಎಂದೆ. ಕಾಗಲ ದಾಟಿತು, ನಿಪ್ಪಾಣಿ ದಾಟಿತು, ಆಕೆ ಹೇಳುತ್ತಲೇ ಇದ್ದಳು. ನಡುವೆ ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಮುಚ್ಚಿಕೊಂಡೆ. ಸಂಕೇಶ್ವರದ ಹತ್ತಿರ ಆಕೆಗೆ ನಿದ್ದೆ ಹತ್ತಿತು. ಪಕ್ಕದ ಸೀಟಿನ ಹೆಂಗಸು, ದವಾಖಾನೆಯ ಚೀಲ ನೋಡಿ, ಅವರಿಗೇನಾಗಿದೆ ಎಂದು ವಿಚಾರಿಸಿದಳು. ನನಗೆ ಎಲ್ಲ ನಾಲಿಗೆಯ ತುದಿಗೆ ಬಂದಿತ್ತು.

"ಎದ್ದ ಮ್ಯಾಲೆ ಅವರನ್ನ ಕೇಳ್ರಿ" ಎಂದೆ.