ಒಗ್ಗರಣೆ ಹಾಕದ ಬೀದಿ

ಹೋದ ವಾರ ರಾಮನಗರದ ನಮ್ಮ ಮನೆಯ ಒಲೆಯ ಮೇಲೆ ಚಿಮಣಿ ಬಂದು ಕೂತಿತು. ಸೊಸೆಯ ಆಸೆ. ಅದನ್ನು ಕೂರಿಸಲು ಬಂದಿದ್ದ ಹುಡುಗ ಗುಂಡಿ ಒತ್ತಿ, ಅದು ಗುರ್ರೆಂದ ಕೂಡಲೇ ನನ್ನ ಕಡೆ ತಿರುಗಿದ. "ಇನ್ಮೇಲೆ ನೀವು ಏನ್ ಒಗ್ಗರಣೆ ಹಾಕಿದ್ರೂ ಪಕ್ಕದ್ಮನೆಯವ್ರಿಗೆ ಗೊತ್ತೇ ಆಗಲ್ಲ ಆಂಟಿ" ಎಂದ. ನನಗೆ ನಗು ತಡೆಯಲಾಗಲಿಲ್ಲ. ಸೊಸೆ ಕಣ್ಣು ಬಿಟ್ಟಳು. ಪಾಪ, ಅವರಿಬ್ಬರಿಗೂ ಏನು ಗೊತ್ತು? ನಾನು ಬೆಳೆದ ಬೀದಿಯಲ್ಲಿ ಒಗ್ಗರಣೆಯ ವಾಸನೆ ಇಡೀ ಊರಿನ ವ್ಯವಹಾರವಾಗಿತ್ತು. ಅದರ ದೆಸೆಯಿಂದ ನಮ್ಮ ಜಯತ್ತೆಯ ಮದುವೆಯೇ ತಪ್ಪಿಹೋಗುವುದರಲ್ಲಿತ್ತು.

ಬೀದಿ ಇದ್ದದ್ದು ಕನಕಪುರದ ಹಳೇ ಪೇಟೆಯ ಹಿಂದೆ. ಒಂದು ಎತ್ತಿನ ಗಾಡಿ ಬಂದರೆ ಎದುರಿನಿಂದ ಬರುವವರು ಯಾರದಾದರೂ ಜಗಲಿ ಹತ್ತಿ ನಿಲ್ಲಬೇಕು, ಅಷ್ಟು ಅಗಲ. ಹತ್ತಿ ನಿಂತಮೇಲೆ ಸುಮ್ಮನೆ ಇಳಿಯುವುದುಂಟೇ? ಒಂದು ಮಾತು, ಒಂದು ಲೋಟ ನೀರು, ಆ ಮನೆಯ ಸಮಾಚಾರವೆಲ್ಲ ಆಗಬೇಕು. ನಮ್ಮಮ್ಮ ಅಂಗಡಿಗೆ ಬೆಲ್ಲ ತರಲು ಹೋದರೆ ಬರುವ ಹೊತ್ತಿಗೆ ಸಾರು ಆರಿರುತ್ತಿತ್ತು. ನಾನೂ ಅದೇ ತಳಿ. ನೋಡಿ, ಅತ್ತೆಯ ಮದುವೆ ಹೇಳುತ್ತೇನೆಂದು ಹೊರಟು ಜಗಲಿಯ ಮೇಲೆ ಕೂತುಬಿಟ್ಟೆ.

ನಮ್ಮದು ಹುಳದ ಮನೆ. ಊರಾಚೆ ಒಸಿ ಜಮೀನು, ಅದರಲ್ಲಿ ರೇಷ್ಮೆ ಸೊಪ್ಪು; ಸೊಪ್ಪು ತಿನ್ನುವ ಹುಳಗಳು ಮಾತ್ರ ಪೇಟೆಯ ಮನೆಯಲ್ಲಿ, ನಮ್ಮ ಜೊತೆ. ಜೊತೆ ಎನ್ನುವುದಕ್ಕಿಂತ ನಾವೇ ಅವುಗಳ ಜೊತೆ ಎನ್ನಬೇಕು. ಹುಳ ಚಿಕ್ಕವಿದ್ದಾಗ ಒಂದು ಮೂಲೆಯಲ್ಲಿರುತ್ತಿದ್ದವು. ನಾಲ್ಕನೇ ಜ್ವರ ಬಿಟ್ಟು, ಅಂದರೆ ಕಡೆಯ ಸಲ ಪೊರೆ ಕಳಚಿ ಎದ್ದವೆಂದರೆ ನಡುಮನೆಯೆಲ್ಲ ಅವುಗಳದ್ದೇ; ತಟ್ಟೆಯ ಮೇಲೆ ತಟ್ಟೆ ಸೂರಿನವರೆಗೆ ಏರುತ್ತಿದ್ದವು. ನಮ್ಮ ಹಾಸಿಗೆ ಕೊಟ್ಟಿಗೆ ಪಕ್ಕಕ್ಕೆ ಹೋಗುತ್ತಿತ್ತು.

ಆ ಕಡೆಯ ವಾರದಲ್ಲಿ ಹುಳಕ್ಕೆ ಯಾವ ಘಾಟೂ ತಾಕಬಾರದು. ಒಗ್ಗರಣೆ ಇಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ಊದುಬತ್ತಿ ಇಲ್ಲ, ಬೀಡಿ ಇಲ್ಲ, ಮಲ್ಲಿಗೆ ಇಲ್ಲ. ಘಾಟು ತಾಕಿದರೆ ಹುಳ ಸೊಪ್ಪು ಬಿಡುತ್ತವೆ, ಗೂಡು ಕಟ್ಟುವುದಿಲ್ಲ ಎಂದು ಅಜ್ಜಿಯ ಶಾಸನ. ನಾನು ಸ್ಕೂಲಿಗೆ ಪೌಡರ್ ಹಾಕದೆ ಹೋಗಬೇಕಿತ್ತು. ಅದರಿಂದ ನನ್ನ ರೂಪಕ್ಕೆ ಭಾರೀ ನಷ್ಟವಾಗುತ್ತಿದೆಯೆಂದು ನಂಬಿ ಅಳುತ್ತಿದ್ದೆ. ಈಗ ಆ ಕಾಲದ ಫೋಟೊ ನೋಡಿದರೆ ಪೌಡರಿಗೂ ಕೈಲಾಗುತ್ತಿದ್ದದ್ದು ಅಷ್ಟಕ್ಕಷ್ಟೇ ಎನ್ನಿಸುತ್ತದೆ.

ಆದರೆ ಗೋಡೆಗೆ ಗೋಡೆ ಅಂಟಿದ ಬೀದಿಯಲ್ಲಿ ನಾವೊಬ್ಬರೇ ಒಗ್ಗರಣೆ ಬಿಟ್ಟರೆ ಸಾಕೇ? ಅದಕ್ಕೇ ಬೀದಿಗೊಂದು ಪದ್ಧತಿಯಿತ್ತು. ಯಾರ ಮನೆಯಲ್ಲಿ ಹುಳ ಕಡೆಯ ಹಂತಕ್ಕೆ ಬಂದರೂ ಆ ಮನೆಯ ಹೆಂಗಸು ಬೀದಿಯಲ್ಲಿ ಒಂದು ಸುತ್ತು ಹೋಗಿ, "ನಮ್ಮವು ಜ್ವರ ಎದ್ದವೆ ಕಣ್ರವ್ವ" ಎಂದು ಬಾಗಿಲು ಬಾಗಿಲಿಗೂ ಹೇಳಿ ಬರುವುದು. ಅಷ್ಟೇ. ಅವತ್ತಿನಿಂದ ಆ ಆಸುಪಾಸಿನ ಮನೆಗಳಲ್ಲೆಲ್ಲ ಸಪ್ಪೆ ಸಾರು, ಬೇಯಿಸಿದ ಕಾಳು, ಮಜ್ಜಿಗೆ. ಎಣ್ಣೆಯಲ್ಲಿ ಏನಾದರೂ ಕರಿಯಲೇಬೇಕಾದರೆ ಬೀದಿಯ ಕೊನೆಯಲ್ಲಿದ್ದ ಜುಬೇದಾ ಚಾಚಿಯ ಮನೆಗೆ ಬಾಣಲೆ ತೆಗೆದುಕೊಂಡು ಹೋಗುವುದು. ಅವರ ಮನೆಯ ಗಾಳಿ ಹೊಳೆಯ ಕಡೆಗೆ ಹೋಗುತ್ತಿತ್ತು. ಚಾಚಿಯ ಗಂಡ ನೂಲು ತೆಗೆಯುವವರು. ನಾವು ಬೆಳೆದ ಗೂಡಿಂದಲೇ ಅವರ ಒಲೆ ಉರಿಯಬೇಕಾದ್ದರಿಂದ ಆಕೆಗೂ ನಮ್ಮ ಹುಳದ ಮೇಲೆ ಅಷ್ಟೇ ಅಕ್ಕರೆ.

ಈ ಸುತ್ತಿನಲ್ಲಿ ನಮ್ಮಜ್ಜಿ ಒಂದು ಬಾಗಿಲನ್ನು ಮಾತ್ರ ಬಿಡುತ್ತಿದ್ದಳು. ಅದು ಎದುರುಮನೆ ನಿಂಗಮ್ಮನದು. ಅವರ ಬಚ್ಚಲ ನೀರು ನಮ್ಮ ಮೆಟ್ಟಿಲ ಮುಂದೆ ಹರಿಯುವ ವಿಚಾರಕ್ಕೆ ನಾನು ಹುಟ್ಟುವ ಮೊದಲೇ ಮಾತು ಬಿಟ್ಟಿತ್ತು. ಮಾತಿಲ್ಲ ಎಂದರೆ ಮೌನ ಎಂದುಕೊಳ್ಳಬೇಡಿ. ನಿಂಗಮ್ಮ ತನ್ನ ಕೋಳಿಯನ್ನು ಬೈಯುತ್ತಿದ್ದಳು, ಅಜ್ಜಿ ನನ್ನನ್ನು ಬೈಯುತ್ತಿದ್ದಳು, ಇಬ್ಬರಿಗೂ ಉತ್ತರ ಮುಟ್ಟುತ್ತಿತ್ತು. ಹುಳದ ವಿಷಯವನ್ನೂ ಅಜ್ಜಿ ಹೀಗೇ ತಿಳಿಸುತ್ತಿದ್ದಳು. ಜಗಲಿಯ ಮೇಲೆ ನಿಂತು ನನ್ನ ಮೇಲೆ ರೇಗುವ ಹಾಗೆ, "ಏ ಮೂದೇವಿ, ಹುಳ ಜ್ವರ ಎದ್ದವೆ, ಬಾಗ್ಲು ಹಾಕೇ!" ಎಂದು ಕೂಗುತ್ತಿದ್ದಳು. ಬಾಗಿಲು ಮುಚ್ಚಿಯೇ ಇರುತ್ತಿತ್ತು. ಆ ಸಂಜೆಯಿಂದ ನಿಂಗಮ್ಮನ ಮನೆಯ ಒಗ್ಗರಣೆಯ ಚುಯ್ ಸದ್ದು ನಿಂತುಹೋಗುತ್ತಿತ್ತು. ನಾನದನ್ನು ಎತ್ತಿ ಹೇಳಿದರೆ ಅಜ್ಜಿ, "ಅವ್ಳಿಗೆ ಎಣ್ಣೆ ಮುಗ್ದೋಗಿರ್ಬೇಕು ಬುಡು" ಎಂದುಬಿಡುತ್ತಿದ್ದಳು.

ಈಗ ಜಯತ್ತೆ. ಅಪ್ಪನ ತಂಗಿ. ಹುಳ ಸಾಕುವುದರಲ್ಲಿ ಅವಳನ್ನು ಮೀರಿಸುವವರು ಬೀದಿಯಲ್ಲಿ ಇರಲಿಲ್ಲ. ಮದುವೆಯ ವಯಸ್ಸು ದಾಟುತ್ತಿದೆಯೆಂದು ಎಲ್ಲರೂ ಪಿಸುಗುಡಲು ಶುರುಮಾಡಿದ್ದರು. ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದು ಹೋಗುತ್ತಿದ್ದರು, ಆಮೇಲೆ ಸುದ್ದಿಯಿಲ್ಲ. ಒಬ್ಬಳು ಪುಣ್ಯಾತ್ಗಿತ್ತಿಯಂತೂ ಹುಡುಗಿಯ ಮೈಯೆಲ್ಲ ಹುಳದ ವಾಸನೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿ ಹೋಗಿದ್ದಳು. ಅದು ಅತ್ತೆಯ ಕಿವಿಗೂ ಬಿತ್ತು. ಮಾಗಡಿ ಕಡೆಯ ಸಂಬಂಧ ಬಂದಾಗ ಅವಳು ಅಜ್ಜಿಗೆ ನೇರವಾಗಿ ಹೇಳಿದಳು: "ಇದೇ ಕೊನೆ ಕಣವ್ವ. ಇದೂ ತಪ್ಪೋದ್ರೆ ಇನ್ನ ನನ್ನ ಯಾರ್ ಮುಂದ್ಲೂ ಕೂರುಸ್ಬ್ಯಾಡ." ಹೇಳಿ ಸೊಪ್ಪು ಹಾಕಲು ಎದ್ದು ಹೋದಳು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಮಾಗಡಿಯವರು ಗೂಡು ಬಿಡಿಸಿದ ಮೇಲೆ ಬರುವುದೆಂದು ಮಾತಾಗಿತ್ತು. ಬಂದದ್ದು ಮೊದಲೇ, ಹುಳ ಹಣ್ಣಾದ ದಿನ. ಹುಳ ಹಣ್ಣಾಗುವುದೆಂದರೆ ಮೈ ಹೊಂಬಣ್ಣಕ್ಕೆ ತಿರುಗಿ ಬಾಯಲ್ಲಿ ನೂಲು ಬಿಡಲು ಶುರುಮಾಡುವುದು. ಆಗ ಒಂದೊಂದನ್ನೇ ಆಯ್ದು ಚಂದ್ರಿಕೆಯ ಮೇಲೆ, ಅಂದರೆ ಬಿದಿರಿನ ಸುರುಳಿ ಸುತ್ತಿದ ಚಾಪೆಯ ಮೇಲೆ, ಬಿಡಬೇಕು. ತಡವಾದರೆ ಬೆಳೆ ಹೋಯಿತು. ಅಪ್ಪ ಅಮ್ಮ ಚಂದ್ರಿಕೆ ಸಾಲದೆ ಬಾಡಿಗೆಗೆ ತರಲು ಓಡಿದ್ದರು. ಜಗಲಿಯ ತುಂಬ ಚಂದ್ರಿಕೆ, ಒಳಗೆ ಅತ್ತೆ, ಅಜ್ಜಿ, ನಾನು. ಆ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು, ಹಿಂದೆ ಒಬ್ಬ ಎತ್ತರದ ಹುಡುಗ.

"ಕಬ್ಬಾಳಮ್ಮನ್ಗೆ ಬಂದಿದ್ದೊ. ಇಷ್ಟ್ ದೂರ ಬಂದಿದೀವಲ್ಲ, ಹಂಗೇ ಹೆಣ್ಣೂ ನೋಡ್ಕೊಂಡ್ ಹೋಗ್ಬುಡನ ಅಂತ" ಎಂದಳು ಹುಡುಗನ ತಾಯಿ. ತಲೆಯಲ್ಲಿ ದೇವಿಯ ಪ್ರಸಾದದ ಮಲ್ಲಿಗೆ ದಂಡೆ. ಸೀರೆಯಿಂದ ಊದುಬತ್ತಿ ಘಮಘಮ. ಹುಡುಗನೋ, ಸೆಂಟಿನ ಸೀಸೆಯಲ್ಲೇ ಸ್ನಾನ ಮಾಡಿ ಬಂದಂತಿದ್ದ. ಅಯ್ಯೋ ದೇವರೇ! ಅಜ್ಜಿಯ ಮುಖ ಆ ದಿನ ನೋಡಬೇಕಿತ್ತು ನೀವು. ಬನ್ನಿ ಎಂದರೆ ಹುಳ ಕೆಡುತ್ತದೆ, ಬರಬೇಡಿ ಎಂದರೆ ಸಂಬಂಧ ಕೆಡುತ್ತದೆ. ದೇವಿಯ ಹೂವನ್ನು ತೆಗೆದಿಟ್ಟು ಬಾ ಎಂದು ಯಾವ ಬಾಯಲ್ಲಿ ಹೇಳುವುದು?

ಅಜ್ಜಿ ಬಾಯಿ ಬಿಡುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬಂತು. "ಅವ್ವ, ಒಳೀಕ್ ಬುಟ್ಟೀಯ! ಹುಳ ನೂಲ್ ಬುಡ್ತಾವೆ!"

ಹುಡುಗನ ತಾಯಿಯ ಮುಖ ಕಪ್ಪಿಟ್ಟಿತು. "ನಮ್ಗೇನವ್ವ ಅಂಗಂದದ್ದು?" ಎಂದಳು. ಅಜ್ಜಿ ಎರಡೂ ಕೈ ಮುಗಿದು ಹುಳದ ಕತೆ ಹೇಳುತ್ತಿದ್ದಳು. ಮಾಗಡಿಯ ಆಕೆ ರಾಗಿಯ ಸೀಮೆಯವಳು, ಹುಳದ ಮಡಿ ಅವಳಿಗೆ ಹೊಸದು. ನೆರವಿಗೆ ಬಂದವಳು ಜುಬೇದಾ ಚಾಚಿ. ಹುಡುಗನನ್ನು ರಟ್ಟೆ ಹಿಡಿದು, "ಬಾರಪ್ಪ ರಾಜಾ, ಎರಡ್ ಚೊಂಬು ನೀರ್ ಹಾಕ್ಕೊ" ಎಂದು ತನ್ನ ಮನೆಗೆ ಎಳೆದುಕೊಂಡು ಹೋದಳು. ಅವನು ವಾಪಸ್ಸು ಬಂದದ್ದು ಚಾಚಿಯ ಗಂಡನ ಚೌಕಳಿ ಲುಂಗಿಯಲ್ಲಿ. ಲುಂಗಿ ಮೊಣಕಾಲಿಗೆ ಒಂಚೂರು ಕೆಳಗೆ ನಿಂತಿತ್ತು. ಹೆಣ್ಣು ನೋಡಲು ಅಂಥ ಅಲಂಕಾರದಲ್ಲಿ ಬಂದ ಗಂಡು ಇನ್ನೊಬ್ಬನಿರಲಾರ. ಆದರೆ ಮಹರಾಯ ನಗುತ್ತಿದ್ದ.

ಒಳಗೆ ಬಂದವನನ್ನು ಅತ್ತೆ ತಲೆಯೆತ್ತಿ ಒಂದು ಸಲ ನೋಡಿದಳು. "ನಿಂತ್ಕೊಬ್ಯಾಡಿ. ಹಣ್ಣಾಗಿರೋವ ಆಯ್ದು ಇದ್ರ್ ಮ್ಯಾಕೆ ಬುಡಿ. ಅದುಮ್‌ಬ್ಯಾಡಿ" ಎಂದಳು. ಅವನು ಕೂತ. ಮೊದಲ ಹುಳ ಕೈಗೆ ಬಂದಾಗ ಹೆದರಿ ಬೀಳಿಸಿದ. ಅತ್ತೆ ಕಿಸಕ್ಕನೆ ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ನನಗೆ ಆ ಕ್ಷಣವೇ ಈ ಲುಂಗಿಯ ಮನುಷ್ಯ ಇಲ್ಲೇ ಇದ್ದುಬಿಡಲಿ ಎನ್ನಿಸಿತು.

ಅಜ್ಜಿಯ ಜೀವ ಮಾತ್ರ ಕಿಟಕಿಯಲ್ಲಿತ್ತು. ಕೂರಲು ನಮ್ಮ ಜಗಲಿಯಲ್ಲಿ ಜಾಗವಿಲ್ಲದೆ, ಬಿಗಿದ ಮುಖದಲ್ಲೇ ಬೀದಿ ದಾಟಿದ ಹುಡುಗನ ತಾಯಿ ಎಲ್ಲಿ ಹೋಗಿ ಕೂತಿದ್ದಳು ಹೇಳಿ? ನಿಂಗಮ್ಮನ ಜಗಲಿಯ ಮೇಲೆ! ಚಾಚಿ ಕರಿದು ಕಳಿಸಿದ ಬಜ್ಜಿ ಇಬ್ಬರ ನಡುವೆ. ಹುಡುಗನ ತಾಯಿ ಏನೋ ಕೇಳುತ್ತಿದ್ದಳು, ನಿಂಗಮ್ಮ ನಮ್ಮ ಮನೆಯ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದಳು. ಒಂದಕ್ಷರವೂ ಕೇಳಿಸದು.

"ಕಲ್ ಹಾಕ್ತಾವ್ಳೆ ಕಣೇ. ಮೂಳಿ, ಕಲ್ ಹಾಕ್ತಾವ್ಳೆ. ಮುಗೀತು" ಎಂದು ಅಜ್ಜಿ ಕಿಟಕಿಯ ಸರಳಿಗೆ ಮುಖ ಒತ್ತಿದಳು. ಅತ್ತೆಗೂ ಕೇಳಿಸಿತು. ಅವಳ ಕೈ ನಿಲ್ಲಲಿಲ್ಲ, ಆದರೆ ನಗು ನಿಂತಿತು.

ಕಡೆಯ ಚಂದ್ರಿಕೆ ತುಂಬುವ ಹೊತ್ತಿಗೆ ಹುಡುಗನ ತಾಯಿ ಬೀದಿ ದಾಟಿ ಬಂದಳು. ಹೊಸಿಲಿನಿಂದಾಚೆ, ದೂರದಲ್ಲೇ ನಿಂತಳು. ತಲೆಯ ದಂಡೆ ಬಿಚ್ಚಿ ಬಾಳೆ ಎಲೆಯಲ್ಲಿ ಸುತ್ತಿದ್ದಳು. "ಇದು ಹುಡ್ಗೀಗೆ. ಈಗ್ ಬ್ಯಾಡ, ಆ ಸಾಬರ ಮನೇಲಿ ಮಡಗಿರಿ. ಗೂಡ್ ಕಟ್ಟುದ್ಮ್ಯಾಲೆ ಮುಡ್ಕಳ್ಳಿ" ಎಂದಳು. ಅಜ್ಜಿ ಅಲ್ಲೇ ಕುಸಿದು ಕೂತು ಕಬ್ಬಾಳಮ್ಮನ ಹೆಸರು ಹೇಳಿಕೊಂಡು ಅತ್ತಳು. ಎಲ್ಲ ಆ ತಾಯಿಯ ಮಹಿಮೆ, ಎದುರುಮನೆಯವಳು ಹಾಕಿದ ಕಲ್ಲೆಲ್ಲ ಹೂವಾಯಿತು ಎಂದು ಸಾಯುವವರೆಗೂ ಹೇಳಿದಳು. ನಾನೂ ನನ್ನ ಮಕ್ಕಳಿಗೆ, ಸೊಸೆಗೆ ಹಾಗೆಯೇ ಹೇಳಿಕೊಂಡು ಬಂದೆ, ಅಭಿನಯದ ಸಮೇತ.

ಚಿಮಣಿಯ ಸಮಾಚಾರ ಹೇಳಲೆಂದು ಅದು ಬಂದ ದಿನವೇ ಸಂಜೆ ಮಾಗಡಿಗೆ ಫೋನ್ ಮಾಡಿದೆ. ಅತ್ತೆಗೆ ಈಗ ಎಂಬತ್ತರ ಹತ್ತಿರ. ಆ ಕಡೆ ಮಾವ ಟೀವಿಯ ಸದ್ದು ಕಮ್ಮಿ ಮಾಡಿ, ಯಾರೇ ಅದು ಎಂದು ಕೇಳುತ್ತಿದ್ದರು. ಚಿಮಣಿಯಿಂದ ಒಗ್ಗರಣೆಗೆ, ಒಗ್ಗರಣೆಯಿಂದ ಆ ದಿನಕ್ಕೆ ಮಾತು ಬಂತು. "ಆ ನಿಂಗಮ್ಮ ಅಷ್ಟೊಂದು ಚಾಡಿ ಹೇಳಿದ್ರೂ ನಿಮ್ಮತ್ತೆ ಹೆಂಗೆ ಒಪ್ಪಿದ್ರು ಅಂತೀನಿ" ಎಂದೆ.

ಅತ್ತೆ ಮಾವನಿಗೆ ಟೀವಿ ಆರಿಸಲು ಹೇಳಿದಳು. "ಚಾಡಿ ಯಾರ್ ಹೇಳಿದ್ರು ನಿಂಗೆ? ನಮ್ಮತ್ತೆ ಮದ್ವೆ ಆದ್ ವರ್ಷವೇ ಎಲ್ಲಾನೂ ನನ್ ತಾವ ಹೇಳಿದ್ರು. ಹುಡ್ಗಿ ಹೆಂಗೆ ಅಂತ ಅತ್ತೇನೇ ಕೇಳಿದ್ರಂತೆ. ಅದ್ಕೆ ನಿಂಗಮ್ಮ, 'ಆ ಮನೆಗೂ ನಮ್ಗೂ ಮಾತಿಲ್ಲ, ನನ್ನೇನ್ ಕೇಳ್ತೀರಿ? ಒಂದ್ ಹೇಳ್ತೀನಿ ಕೇಳಿ. ಆ ಹುಡ್ಗಿ ಹುಳ ಚೆಂದಾಗಿರ್ಲಿ ಅಂತ ವಾರದಿಂದ ನಾನು ಸಪ್ಪೆ ಸಾರು ಉಣ್ತಾ ಇವ್ನಿ. ಆ ಮುದ್ಕಿ ಮೊಕ ನೋಡ್ಕೊಂಡು ಉಣ್ತಿದ್ನಾ? ನೀವೇ ಯೋಚ್ನೆ ಮಾಡಿ' ಅಂದ್ಳಂತೆ."

"ಅತ್ತೆ! ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನಮ್ ತವರ್ನಲ್ಲಿ ಹೇಳ್ಬ್ಯಾಡಿ ಅಂತ ಅವ್ಳೇ ಆಣೆ ಹಾಕ್ಸಿದ್ಳಂತೆ ಕಣೇ. ಹೇಳಿದ್ರೆ ನಿಮ್ಮಜ್ಜಿ ಬಂದು ಮಾತಾಡ್ಸ್‌ಬುಡ್ತಾಳೆ ಅಂತ!" ಎಂದು ಅತ್ತೆ ನಕ್ಕಳು. ನಗುತ್ತಲೇ ಮೂಗು ಏರಿಸಿದ್ದೂ ಕೇಳಿಸಿತು. ನನಗೂ ಕಣ್ಣು ತುಂಬಿತು. ಇಡೀ ವಾರ ಎದುರುಮನೆಯಲ್ಲಿ ಆ ಹೆಂಗಸು ಸಪ್ಪೆ ಸಾರು ಉಣ್ಣುತ್ತಿದ್ದಳು, ನಾವು ಅವಳಿಗೆ ಎಣ್ಣೆ ಮುಗಿದಿದೆ ಎಂದುಕೊಂಡಿದ್ದೆವು.

ನಿಂಗಮ್ಮ ಹೋಗಿ ಕಾಲವಾಯಿತು. ಅವಳ ಸೊಸೆ ಈಗಲೂ ಅದೇ ಮನೆಯಲ್ಲಿದ್ದಾಳೆ. ಕನಕಪುರಕ್ಕೆ ಹೋದಾಗಲೆಲ್ಲ ನಾನು ಆ ಬಾಗಿಲ ಕಡೆ ನೋಡದೆ ದಾಟುತ್ತಿದ್ದೆ. ನಮ್ಮ ಮನೆಯವರು ಹಾಗೆ ದಾಟುತ್ತಿದ್ದರು, ನಾನೂ ದಾಟುತ್ತಿದ್ದೆ. ಮೊನ್ನೆ ಶುಕ್ರವಾರ ಬಸ್ಸಿಳಿದು ಸೀದಾ ಹೋಗಿ ಅವರ ಜಗಲಿ ಹತ್ತಿದೆ. ಸೊಸೆ ಬಾಗಿಲಿಗೆ ಬಂದವಳು ನನ್ನನ್ನು ಗುರುತು ಹಿಡಿದು ತಬ್ಬಿಬ್ಬಾದಳು. ಒಮ್ಮೆ ಎದುರಿನ ಮನೆಯ ಕಡೆ ನೋಡಿದಳು, ಒಮ್ಮೆ ನನ್ನ ಕಡೆ ನೋಡಿದಳು.

"ನೀವು... ನಮ್ಮನೇಗಾ ಅಕ್ಕಾ?"

"ಹೂಂ ಕಣಮ್ಮ, ನಿಮ್ಮನೇಗೇ" ಎಂದೆ. "ಬರೋದು ಒಸಿ ತಡವಾಯ್ತು."