ಅಜ್ಜಿ ತೆಗೆದ ಹಾರ

ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಹೊನ್ನಾವರದ ಅಳಿವೆಯ ಪಕ್ಕದ ನಮ್ಮ ಮನೆಯ ಜಗಲಿ ಕಣ್ಣ ಮುಂದೆ ಬರುತ್ತದೆ. ಮೀನು, ಉಪ್ಪು, ಬಲೆ ಇಷ್ಟೇ ನಾರುತ್ತಿದ್ದ ಆ ಮನೆಗೆ ಉಣ್ಣೆ ಬಂದದ್ದು ಚೀನಾ ಯುದ್ಧದ ವರ್ಷ. ಗಡಿಯಲ್ಲಿ ಸೈನಿಕರು ಚಳಿಗೆ ನಡುಗುತ್ತಿದ್ದಾರೆಂದು ಶಾಲೆಯ ಅಕ್ಕೋರು ಮನೆಮನೆಗೆ ನೂಲಿನ ಉಂಡೆ ಹಂಚಿದ್ದರು. ಬೆವರುವುದೊಂದೇ ಗೊತ್ತಿದ್ದ ನಮ್ಮ ಕೇರಿಯಲ್ಲಿ ಸ್ವೆಟರ್ ಹೆಣೆಯಲು ಯಾರಿಗೆ ಬರಬೇಕು? ಅಜ್ಜಿ ಆಯುಷ್ಯವಿಡೀ ಬಲೆ ಹೆಣೆದವಳು. ಅದೇ ಗಂಟು ಹಾಕಿ, ಅದೇ ಕಣ್ಣು ಬಿಟ್ಟು, ಎರಡೇ ದಿನದಲ್ಲಿ ಮುಗಿಸಿಬಿಟ್ಟಳು. ಅಕ್ಕೋರು ಅದನ್ನು ಎತ್ತಿ ಹಿಡಿದರೆ ಆಚೆಯ ಹೊಳೆ ಕಾಣುತ್ತಿತ್ತು.

"ಅಜ್ಜೀ, ಇದ್ರೊಳಗೆ ಗಾಳಿ ಹೊಕ್ಕೂದಿಲ್ವೇ?"

"ಬಂಗಡೆಗೇ ತಪ್ಪಿಸ್ಕಳ್ಳೂಕಾಗೂದಿಲ್ಲ ಅಕ್ಕೋರೆ, ಗಾಳಿ ಎಂತ ಮಾಡ್ತದೆ?"

ನಕ್ಕು ನಕ್ಕು ಸುಸ್ತಾದ ಅಕ್ಕೋರು ಎರಡು ಕಡ್ಡಿ ಕೊಟ್ಟು ಮೊದಲಿನಿಂದ ಕಲಿಸಿದರು. ಅಜ್ಜಿ ಎಲ್ಲ ಬಿಚ್ಚಿ ಮತ್ತೆ ಹೆಣೆದಳು. ಹಾಕಿಕೊಳ್ಳುವ ಹುಡುಗನಿಗೆ ಮೀನು ನಾರಬಾರದೆಂದು ಸೀಗೆಕಾಯಿ ಹಾಕಿ ತೊಳೆದು ಜಗಲಿಯಲ್ಲಿ ಒಣಗಿಸಿದಳು. ಅವಳ ಹಿರಿಯ ಮಗ, ನನ್ನ ದೊಡ್ಡಪ್ಪ, ಅದೇ ಗಡಿಯಲ್ಲಿದ್ದ. ಎರಡು ತಿಂಗಳಿಂದ ಕಾಗದವಿರಲಿಲ್ಲ.

ಆಗಲೇ ಪೇಟೆಯ ಮೈದಾನದಲ್ಲಿ ದೊಡ್ಡ ಸಭೆ ನಡೆಯಿತು. ಊರಿನ ಮುಖಂಡರು ಬಂದು ದೊಡ್ಡಪ್ಪನ ಫೋಟೋ ಕೇಳಿದರು. ಸಮವಸ್ತ್ರದಲ್ಲಿ ತೆಗೆಸಿಕೊಂಡಿದ್ದ ಆ ಒಂದೇ ಫೋಟೋವನ್ನು ಅಜ್ಜಿ ಸೆರಗಿನಿಂದ ಒರೆಸಿ, ಹೆಮ್ಮೆಯಿಂದಲೇ ಕೊಟ್ಟಳು. ಸಂಜೆ ನಾವು ಹೋಗಿ ನೋಡಿದರೆ ವೇದಿಕೆಯ ನಡುವೆ ಫೋಟೋ, ಅದಕ್ಕೊಂದು ಗೊಂಡೆಹೂವಿನ ಹಾರ. ಅವರು ಗೌರವಕ್ಕೇ ಹಾಕಿದ್ದರು, ಪಾಪ. ಆದರೆ ದೋಣಿ ಅಳಿವೆ ದಾಟಿ ಮರಳುವ ತನಕ ನಮ್ಮ ಕೇರಿಯ ಹೆಂಗಸರು ತಾವೂ ಹೂ ಮುಡಿಯುತ್ತಿರಲಿಲ್ಲ. ಹೊರಗಿದ್ದವನ ಪಟಕ್ಕೆ ಹಾರ ಹಾಕುವುದೆಂದರೆ ಅವನ ಆಸೆ ಬಿಟ್ಟಂತೆ. "ದೇಶಕ್ಕೆ ಮಗನನ್ನೇ ಕೊಟ್ಟ ಮಹಾತಾಯಿ" ಎಂದು ಭಾಷಣಕಾರರು ಅವಳನ್ನು ಮೇಲೆ ಕರೆದರು. ಅಜ್ಜಿ ಹತ್ತಿದಳು. ಹಾರ ತೆಗೆದು ಕೆಳಗಿಟ್ಟಳು. ಫೋಟೋ ಎದೆಗೊತ್ತಿಕೊಂಡು ಅಷ್ಟು ಜನರ ಮುಂದೆ ಹೇಳಿದಳು:

"ನಾ ಕೊಟ್ಟದ್ದಲ್ಲ ಒಡೆಯಾ, ಕಳ್ಸಿದ್ದು. ಕೆಲ್ಸ ಮುಗ್ಸಿ ಅಂವ ಮನೆಗೆ ಬರ್ಬೇಕು."

ನನಗಾಗ ಎಂಟು ವರ್ಷ. ನನ್ನಜ್ಜಿ ಅಷ್ಟು ಎತ್ತರದ ಹೆಂಗಸೆಂದು ಅಲ್ಲಿಯವರೆಗೆ ನನಗೆ ತಿಳಿದೇ ಇರಲಿಲ್ಲ.

ಹಿಂದಿನಿಂದ ಯಾರೋ "ದೇಶದ್ರೋಹಿ" ಎಂದು ಕೂಗಿದರು. ಮರುದಿನದಿಂದ ಪೇಟೆಯಲ್ಲಿ ಅವಳ ಮೀನಿಗೆ ಗಿರಾಕಿಯಿಲ್ಲ. ತುಂಬಿದ ಬುಟ್ಟಿ ತುಂಬಿದ ಹಾಗೇ ಮನೆಗೆ ಬಂತು. ಅಜ್ಜಿ ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಒಣಗಿದ ಸ್ವೆಟರ್ ಮಡಚಿ ಅಕ್ಕೋರಿಗೆ ಒಪ್ಪಿಸಿ, ಬುಟ್ಟಿ ಹೊತ್ತು ಬಸ್ಸಿನಲ್ಲಿ ಕುಮಟೆಯ ಸಂತೆಗೆ ಹೋಗತೊಡಗಿದಳು.

ಯುದ್ಧ ನಿಂತಿತು. ದೊಡ್ಡಪ್ಪ ಕಾಣೆಯಾಗಿದ್ದಾನೆಂದು ಕಾಗದ ಬಂತು. ಆಮೇಲೊಂದು ದಿನ ಕಚೇರಿಯವರೊಬ್ಬರು ಅರ್ಜಿ ಹಿಡಿದು ಮನೆಗೇ ಬಂದರು. ಮಗ ತೀರಿಕೊಂಡನೆಂದು ಒಪ್ಪಿ ಹೆಬ್ಬೆಟ್ಟು ಒತ್ತಿದರೆ ಸರ್ಕಾರ ಅವಳಿಗೆ ಪಿಂಚಣಿ ಕೊಡುತ್ತದೆ ಎಂದರು. ಒಳ್ಳೆಯ ಮನುಷ್ಯ, ತಗ್ಗಿದ ದನಿಯಲ್ಲೇ ವಿವರಿಸಿದರು. ಅಜ್ಜಿ ಅವರಿಗೆ ಬೆಲ್ಲ ನೀರು ಕೊಟ್ಟಳು, ಹೆಬ್ಬೆಟ್ಟು ಕೊಡಲಿಲ್ಲ. "ಅಂವ ಬರ್ತ. ಬಂದ್ಮೇಲೆ ಎಂತ ಬರ್ಕೊಡ್ಬೇಕೋ ಅಂವನೇ ಬರ್ಕೊಡ್ತ" ಎಂದಳು. ಹಟವೋ, ನಂಬಿಕೆಯೋ, ಈ ವಯಸ್ಸಿನಲ್ಲೂ ನನಗೆ ಬಗೆಹರಿದಿಲ್ಲ. ಕೊನೆಯ ಮಳೆಗಾಲದವರೆಗೂ ಬುಟ್ಟಿ ಹೊತ್ತಳು.

ಅವಳನ್ನು ಅಂಗಳದಲ್ಲಿ ಮಲಗಿಸಿದ ಬೆಳಿಗ್ಗೆ, ಅಂದು ಮೈದಾನದಲ್ಲಿದ್ದವರಲ್ಲೂ ಎಷ್ಟೋ ಮಂದಿ ಬಂದು ತಲೆ ತಗ್ಗಿಸಿ ನಿಂತಿದ್ದರು. ಕೇರಿಯ ಹಿರಿಯರು ವಾಡಿಕೆಯಂತೆ ಕೇಳಿದರು, "ಬೆಂಕಿ ಇಡೂದು ಹಿರೇಮಗ ಅಲ್ವನಾ?"

ಅಪ್ಪ ಬೆಂಕಿಯ ಮಡಕೆಯನ್ನು ಕೈಗೆತ್ತಿಕೊಂಡ.

"ಅಣ್ಣಂಗೆ ಬರೂಕೆ ತಡ ಆತು. ಅದ್ಕೆ ನಾ ಇಡೂದು."