ಗಲಗಲಿ ಹೊಳಿ ಮ್ಯಾಲಿನ ಬಿಳಿ ಕಾಮನಬಿಲ್ಲು

ಗೆಳೆಯಾರ, ಇವತ್ತು ಮುಂಜಾನೆ ಗಲಗಲಿ ಹೊಳಿ ದಂಡಿಮ್ಯಾಲ ನಾನೂ ನಮ್ಮವ್ವನೂ ಬಿಳಿ ಕಾಮನಬಿಲ್ಲು ನೋಡಿದ್ವಿ. ಬೆನ್ನಿಗೆ ಎಳಿಬಿಸಲು, ಎದರಿಗೆ ಹೊಳಿ ತುಂಬ ಮಂಜು, ಆ ಮಂಜಿನಾಗ ಹಾಲಿನ ಕೆನಿಯಂಥ ಕಮಾನು. ಬಣ್ಣ ಅನ್ನೂದ ಇಲ್ಲ. ಅವ್ವ ತಲಿಮ್ಯಾಲ ಸೆರಗು ಹೊತ್ತು ಕೈಮುಗದು ನಿಂತಬಿಟ್ಲು. ನಾ ಫೋಟೊ ಹೊಡದು ಮನಿಯವರ ಗ್ರೂಪಿಗೆ ಹಾಕಿದೆ.

ಬನಹಟ್ಟಿಯಾಗ ಸೀರಿ ನೇಯಿಸೂ ನಮ್ಮಣ್ಣ ಕೂಡಲೇ ಬರದ: "ಇದನ್ನ ಯಾರ ಮಾಡಿಕೊಟ್ರು ತಂಗಿ? ಬಣ್ಣಕ್ಕ ಅದ್ದಲಾರದ ನೂಲು ಇದ್ದಂಗೈತಿ."

"ಅಣ್ಣಾ, ಮಂಜಿನ ಹನಿ ಭಾಳ ಸಣ್ಣವಿದ್ರ ಹಿಂಗ ಬೆಳ್ಳಗ ಮೂಡತೈತಿ. ಖರೇನ ಐತಿ."

"ಫೋನಿನಾಗ ಈಗ ಏನ ಬೇಕಾದ್ದು ಮಾಡತಾರ ಬಿಡು."

ನಿನ್ನೆ ಐದು ಹೆಡಿ ಹಾವಿನ ಫೋಟೊ ಹಾಕಿ "ಎಲ್ಲಾರೂ ಕೈಮುಗೀರಿ" ಅಂದಾವ ಇವನ!

ಸಿಟ್ಟಿಗೆ ಅದ ಫೋಟೊಕ್ಕ ಏಳೂ ಬಣ್ಣ ತುಂಬಿ ಮತ್ತ ಕಳಿಸಿದೆ. "ಈಗ ನೋಡು, ಖರೆ ಫೋಟೊ ಬಂತು" ಅಂದ. "ಇದನ್ನ ಸೀರಿ ಸೆರಗಿಗೆ ಹಾಕಸ್ತೀನಿ."

ಇರಲಿ, ಬೆಳ್ಳಗಿತ್ತು ಅಂತ ಅವ್ವನ ಬಾಯಿಂದನ ಹೇಳಸೂಣಂತ ಬಣ್ಣದ ಫೋಟೊ ಅಕಿ ಮುಂದ ಹಿಡಿದೆ. ಅವ್ವ ಭಾಳೊತ್ತು ನೋಡಿದ್ಲು. ಆಮ್ಯಾಲ ಮೆಲ್ಲಕ, "ಹೂಂ, ಮುಂಜಾನೆ ನಾವು ನೋಡಿದ್ದು ಇದ ಅಲ್ಲೇನವಾ" ಅಂದ್ಲು.

ಈಗ ಸಂಜಿ ಆಗೇತಿ. ಕಣ್ಣು ಮುಚ್ಚಿದ್ರ ಆ ಬಿಳಿ ಕಮಾನಿನ ಅಂಚಿಗೆ ನನಗೂ ಒಂಚೂರು ಕೆಂಪು ಕಾಣಾಕತ್ತೈತಿ.